ಬರೆದುಕೊಟ್ಟ ಊಟ

ಶಿವಮೊಗ್ಗದ ಪಶುವೈದ್ಯರು ಕೊಟ್ಟ ಚೀಟಿಯಲ್ಲಿ ನಾಲ್ಕು ಸಾಲುಗಳಿದ್ದವು. ಮೂರು ಸಾಲು ಔಷಧಿ. ನಾಲ್ಕನೆಯದು ಒಂದು ಆಹಾರದ ಹೆಸರು. ಅದರ ಕೆಳಗೆ ಎರಡು ಗೆರೆ. ‘ಇನ್ನು ಮೇಲೆ ಇದೊಂದೇ ಮೇಡಂ. ಅನ್ನ, ಹಾಲು, ಮೊಟ್ಟೆ, ಲಿವರ್, ಮೂಳೆ ಎಲ್ಲ ಬಂದ್’ ಎಂದರು. ಟೇಬಲ್ಲಿನ ಮೇಲೆ ನಡುಗುತ್ತ ನಿಂತಿದ್ದ ಜೂಲಿ ನನ್ನ ಸೆರಗಿನೊಳಗೆ ಮೂತಿ ತೂರಿಸಿದ್ದಳು. ರಕ್ತದ ವರದಿಯಲ್ಲಿ ಕ್ರಿಯಾಟಿನಿನ್ 3.2 ಇತ್ತು, ರಂಜಕವೂ ಇರಬೇಕಾದ್ದಕ್ಕಿಂತ ಹೆಚ್ಚು. ನಾಯಿಗಳ ಮೂತ್ರಪಿಂಡದ ಕಾಯಿಲೆಯನ್ನು ನಾಲ್ಕು ಹಂತಗಳಲ್ಲಿ ಗುರುತಿಸುತ್ತಾರಂತೆ, 2.9ರಿಂದ 5ರವರೆಗೆ ಮೂರನೆಯ ಹಂತ. ಮೂತ್ರಪಿಂಡದ ಕೆಲಸ ಸುಮಾರು ಮುಕ್ಕಾಲು ಭಾಗ ನಿಂತ ಮೇಲೆಯೇ ಈ ಅಂಕಿ ಏರುವುದು ಎಂದು ಅವರು ಹೇಳಿದಾಗ, ಇಷ್ಟು ದಿನ ಏನೂ ಇಲ್ಲವೆಂಬಂತೆ ಬಾಲ ಆಡಿಸಿಕೊಂಡಿದ್ದ ಅವಳ ಮೇಲೆ ನನಗೆ ಅರ್ಥವಿಲ್ಲದ ಸಿಟ್ಟು ಬಂತು.

ಜೂಲಿಗೆ ಹನ್ನೊಂದು ವರ್ಷ, ಹದಿನಾರು ಕಿಲೋ. ತಳಿ ಯಾವುದು ಎಂದು ಕೇಳಿದವರಿಗೆ ‘ಕಾಗದನಗರ’ ಎನ್ನುತ್ತೇವೆ. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಪ್ಪ, ಕ್ವಾರ್ಟರ್ಸಿನ ಚರಂಡಿ ಪಕ್ಕ ಒದ್ದೆಯಾಗಿ ಕೂತಿದ್ದ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಈಗ ಕಾರ್ಖಾನೆ ಇಲ್ಲ, ಅಪ್ಪನೂ ಇಲ್ಲ. ಅವಳನ್ನು ‘ಅದು’ ಎಂದು ನಮ್ಮ ಮನೆಯಲ್ಲಿ ಯಾರೂ ಅನ್ನುವುದಿಲ್ಲ. ತರಗತಿಯಲ್ಲಿ ಲಿಂಗ ವಚನ ವಿಭಕ್ತಿ ಪಾಠ ಮಾಡುವ ನಾನೂ ಅನ್ನುವುದಿಲ್ಲ.

ಚೀಲ ಎರಡು ಕಿಲೋದ್ದು, ಬೆಲೆ ಎರಡು ಸಾವಿರದ ಮೇಲೆ. ಅವಳ ತೂಕಕ್ಕೆ ದಿನಕ್ಕೆ ಇನ್ನೂರು ಗ್ರಾಂ ಚಿಲ್ಲರೆ ಬೇಕು. ಹತ್ತು ದಿನಕ್ಕೆ ಒಂದು ಚೀಲ, ತಿಂಗಳಿಗೆ ಮೂರು. ನಾನು ಅತಿಥಿ ಉಪನ್ಯಾಸಕಿ. ಆ ಹೆಸರಿನಲ್ಲಿರುವ ‘ಅತಿಥಿ’ ಎಂಬ ಪದದ ವ್ಯಂಗ್ಯ ಈ ಪತ್ರಿಕೆಯ ಓದುಗರಲ್ಲಿ ಹಲವರಿಗೆ ಸ್ವಂತ ಅನುಭವದಿಂದಲೇ ಗೊತ್ತಿರುತ್ತದೆ. ತಿಂಗಳಿಗೆ ಆರು ಸಾವಿರದ ಮೇಲೆ ಒಂದು ನಾಯಿಯ ಊಟಕ್ಕೆ ಎಂದರೆ ಅದು ಲೆಕ್ಕ ಹಾಕಿ ಮುಗಿಸುವ ವಿಷಯವಲ್ಲ, ಮನೆಯಲ್ಲಿ ಮಾತಾಡಬೇಕಾದ ವಿಷಯ.

ಅಮ್ಮ ಮಾತಾಡಿದ್ದು ಬೆಲೆಯ ಬಗ್ಗೆ ಅಲ್ಲ. ‘ಅನ್ನ ಹಾಕಬೇಡ ಅನ್ನೋ ಡಾಕ್ಟ್ರು ಎಂಥ ಡಾಕ್ಟ್ರು ಮಾರಾಯ್ತಿ’ ಎಂದರು. ಹನ್ನೊಂದು ವರ್ಷ ಬೆಳಿಗ್ಗೆ ಹಾಲು ಕಲಸಿದ ಅನ್ನ, ಸಂಜೆ ಒಂದು ಮೊಟ್ಟೆ, ಭಾನುವಾರ ಕೋಳಿಯ ಲಿವರ್ ಅವರ ಕೈಯಿಂದಲೇ ಆಗಿತ್ತು. ಚೀಲದ ಹಿಂಬದಿಯ ಸಣ್ಣ ಅಕ್ಷರಗಳನ್ನು ನಾನು ಕನ್ನಡಕ್ಕೆ ತಿರುಗಿಸಿ ಓದತೊಡಗಿದೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲನೆಯ ಹೆಸರೇ ಅಕ್ಕಿ. ಅಮ್ಮ ತಡೆದರು: ‘ಏನಂದೆ? ಅಕ್ಕಿಯಾ? ನಮ್ಮನೆ ಅಕ್ಕಿ ಆಗೂದಿಲ್ಲ, ಅವರ ಅಕ್ಕಿ ಆಗ್ತದಾ?’

ಇದಕ್ಕಿಂತ ಚೊಕ್ಕವಾದ ವಿಮರ್ಶೆಯ ಪ್ರಶ್ನೆಯನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ. ಅದಕ್ಕೆ ಉತ್ತರ ಹುಡುಕುತ್ತ ಮೂರು ರಾತ್ರಿ ಕಳೆದೆ. ಆ ಮೂರು ರಾತ್ರಿಗಳಲ್ಲಿ ನನ್ನ ಓದಿನ ಅಭ್ಯಾಸವೇ ಪರೀಕ್ಷೆಗೆ ಬಿತ್ತು. ಈ ಬರಹ ಅದರ ಬಗ್ಗೆ.

ಎಂ.ಎ. ಓದಿದ್ದು ಶಂಕರಘಟ್ಟದಲ್ಲಿ. ಅಲ್ಲಿ ಕಲಿತದ್ದರಲ್ಲಿ ಮೈಗೆ ಹತ್ತಿದ್ದು ಒಂದು: ಬರೆದದ್ದನ್ನು ಹಾಗೆಯೇ ನಂಬಬೇಡ, ಯಾರು ಬರೆದರು, ಯಾರಿಗಾಗಿ, ಯಾರಿಗೆ ಲಾಭ ಎಂದು ಕೇಳು. ಮಾರ್ಕ್ಸ್, ನೀಚೆ, ಫ್ರಾಯ್ಡ್ ಮೂವರನ್ನೂ ಸೇರಿಸಿ ಫ್ರೆಂಚ್ ಚಿಂತಕ ಪಾಲ್ ರಿಕರ್ ಅನುಮಾನದ ಗುರುಗಳು ಎಂದು ಕರೆದ. ಆ ಗುರುಗಳ ಹೆಸರು ಗೊತ್ತಿಲ್ಲದವರೂ ನಮ್ಮಲ್ಲಿ ಹಾಗೆಯೇ ಓದುತ್ತಾರೆ. ಶಾಸನದಲ್ಲಿ ದಾನ ಕೊಟ್ಟವನ ಹೊಗಳಿಕೆ ಕಂಡರೆ ಭೂಮಿ ಉತ್ತವನ ಹೆಸರೆಲ್ಲಿ ಎಂದು ಕೇಳುವುದು ನಮ್ಮ ವಿದ್ಯಾರ್ಥಿಗಳಿಗೂ ರೂಢಿಯಾಗಿದೆ. ಒಳ್ಳೆಯ ರೂಢಿ. ಅದನ್ನೇ ಚೀಲದ ಮೇಲೆ ಪ್ರಯೋಗಿಸಿದೆ.

ಚೀಲ ಆ ಓದಿಗೆ ಹೇಳಿಮಾಡಿಸಿದಂತಿತ್ತು. ಮುಂಬದಿಯಲ್ಲಿ ಬಿಳಿಯ ಹಿನ್ನೆಲೆ, ಆಸ್ಪತ್ರೆಯ ಗೋಡೆಯ ಬಿಳಿ. ಒಂದು ವಿದೇಶಿ ತಳಿಯ ನಾಯಿ, ಯಾವತ್ತೂ ಚರಂಡಿ ನೋಡದ್ದು. ಎಲ್ಲೂ ‘ಗುಣಪಡಿಸುತ್ತದೆ’ ಎಂಬ ಮಾತಿಲ್ಲ. ಇರುವುದು ‘ಬೆಂಬಲಿಸುತ್ತದೆ’. ಈ ಕ್ರಿಯಾಪದವನ್ನು ಆರಿಸಿದವನು ಕವಿಯಲ್ಲ, ವಕೀಲ. ಗುಣಪಡಿಸುತ್ತದೆ ಎಂದರೆ ಅದು ಔಷಧಿಯಾಗುತ್ತದೆ, ಔಷಧಿಯಾದರೆ ಕಾನೂನು ಬೇರೆ. ಬೆಂಬಲಿಸುತ್ತದೆ ಎಂದರೆ ಯಾರೂ ಏನೂ ಕೇಳುವಂತಿಲ್ಲ. ಇಷ್ಟಾಗಿಯೂ ‘ಪಶುವೈದ್ಯರ ಸಲಹೆಯಂತೆ ಮಾತ್ರ’ ಎಂಬ ಸಾಲು ಇದೆ. ಎರಡನೆಯ ಚೀಲವನ್ನು ನಾನು ಫೋನಿನಲ್ಲೇ ತರಿಸಿದೆ. ತಂದುಕೊಟ್ಟ ಹುಡುಗ ಒಟಿಪಿ ಕೇಳಿದ, ಚೀಟಿ ಕೇಳಲಿಲ್ಲ.

ಔಷಧಿ ಇಲ್ಲದ ಚೀಲಕ್ಕೆ ವೈದ್ಯರ ಚೀಟಿ ಯಾಕೆ ಎಂದು ನಾನೊಬ್ಬಳೇ ಕೇಳಿದ್ದಲ್ಲ. 2016ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಾಯಿ ಬೆಕ್ಕು ಸಾಕಿದ ಕೆಲವರು ಇದೇ ಪ್ರಶ್ನೆ ಹಿಡಿದು ದೊಡ್ಡ ಕಂಪನಿಗಳ ಮೇಲೆ ದಾವೆ ಹೂಡಿದ್ದರು: ಚೀಟಿ ಬೇಕು ಎನ್ನುವುದರಿಂದಲೇ ಜನ ಅದನ್ನು ಔಷಧಿ ಎಂದು ನಂಬಿ ಹೆಚ್ಚು ಬೆಲೆ ಕೊಡುತ್ತಾರೆ ಎಂಬುದು ಅವರ ದೂರು. ಕೆಳಗಿನ ನ್ಯಾಯಾಲಯ ವಜಾ ಮಾಡಿತ್ತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ದಾವೆ ಮುಂದುವರಿಯಬಹುದು ಎಂದಿತು. ಇನ್ನೊಂದು ಸಂಗತಿ ಗೊತ್ತಾಯಿತು. ಈ ಬಗೆಯ ಆಹಾರದ ದೊಡ್ಡ ಹೆಸರುಗಳಲ್ಲಿ ಒಂದಾದ ಹಿಲ್ಸ್, ನಮ್ಮ ಬಚ್ಚಲುಮನೆಯಲ್ಲಿರುವ ಟೂತ್‌ಪೇಸ್ಟಿನ ಕೋಲ್ಗೇಟ್ ಪಾಮೋಲಿವ್ ಕಂಪನಿಯದು. ಇನ್ನೊಂದು ಹೆಸರು ರಾಯಲ್ ಕ್ಯಾನಿನ್, ಚಾಕೊಲೇಟಿನ ಮಾರ್ಸ್ ಕಂಪನಿಯದು. ಅದೇ ಮಾರ್ಸ್‌ಗೆ ಅಮೆರಿಕದಲ್ಲಿ ಪಶು ಆಸ್ಪತ್ರೆಗಳ ದೊಡ್ಡ ಸರಪಳಿಗಳೂ ಇವೆ. ಚೀಟಿ ಬರೆಯುವ ಕೈ, ಚೀಲ ತುಂಬುವ ಕೈ ಒಂದೇ ಮೈಗೆ ಸೇರಿರಬಹುದು ಎಂಬ ಅನುಮಾನಕ್ಕೆ ಇದಕ್ಕಿಂತ ಏನು ಬೇಕು? ನಮ್ಮ ವೈದ್ಯರಿಗೂ ಅವರಿಗೂ ಸಂಬಂಧವಿಲ್ಲ, ನಿಜ. ಆದರೆ ಚೀಲ ಅವರ ಕ್ಲಿನಿಕ್ಕಿನ ಗಾಜಿನ ಕಪಾಟಿನಲ್ಲೇ ಇತ್ತಲ್ಲ.

ಎರಡನೆಯ ರಾತ್ರಿಯ ಕೊನೆಗೆ ನನ್ನ ಲೇಖನ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಶೀರ್ಷಿಕೆಯೂ ಇತ್ತು. ಬಂಡವಾಳ, ತಜ್ಞತೆ, ಅಮ್ಮನ ಅಡುಗೆಮನೆಯ ಮೇಲೆ ದಾಳಿ. ಓದುಗರಿಗೆ ಇಷ್ಟವಾಗುತ್ತಿತ್ತು. ಬಾಗಿಲ ಬಳಿ ಜೂಲಿ ಹಸಿರು ಹಳದಿ ನೊರೆ ವಾಂತಿ ಮಾಡಿಕೊಂಡು ಅದರ ಪಕ್ಕದಲ್ಲೇ ಮಲಗಿದ್ದಳು. ಒರೆಸುತ್ತಿರುವಾಗ ಹೊಳೆದದ್ದು ಇಷ್ಟು: ನಾನು ಎರಡು ರಾತ್ರಿ ಓದಿದ್ದರಲ್ಲಿ ಅವಳ ಮೂತ್ರಪಿಂಡದ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಯಾರಿಗೆ ಲಾಭ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ, ಹೇಳಿದ್ದು ನಿಜವೇ ಎಂಬ ಪ್ರಶ್ನೆಗೆ ಉತ್ತರವಲ್ಲ. ಲಾಭಕ್ಕಾಗಿ ಹೇಳಿದ ಮಾತು ಸುಳ್ಳೇ ಆಗಬೇಕಿಲ್ಲ. ಇದು ಹೇಳಿದರೆ ಸರಳ. ಆದರೆ ನಮ್ಮ ವಿಮರ್ಶೆಯಲ್ಲಿ ಎಷ್ಟು ಸಲ ಮೊದಲನೆಯ ಪ್ರಶ್ನೆ ಕೇಳಿ ಎರಡನೆಯದನ್ನೂ ಗೆದ್ದೆವೆಂದು ಎದ್ದಿದ್ದೇವೆ! ಒಬ್ಬ ಕವಿಯ ಜಾತಿ, ಹುದ್ದೆ, ಪೋಷಕರನ್ನು ಬಯಲು ಮಾಡಿದ ಮೇಲೆ ಪದ್ಯ ಓದುವ ಕೆಲಸ ಉಳಿದೇ ಇಲ್ಲವೆಂಬಂತೆ ಬರೆದ ಲೇಖನಗಳು ನನ್ನ ಕಡತದಲ್ಲೂ ಎರಡಿವೆ.

ಮೂರನೆಯ ರಾತ್ರಿ ಬೇರೆ ಓದು. ಮೂತ್ರಪಿಂಡ ಸೋತಾಗ ರಂಜಕ ಹೊರಗೆ ಹೋಗದೆ ರಕ್ತದಲ್ಲಿ ಉಳಿಯುತ್ತದೆ, ಅದು ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸುತ್ತದೆ. ಹಾಲು, ಮೊಟ್ಟೆಯ ಹಳದಿ, ಲಿವರ್, ಮೂಳೆ ಎಲ್ಲವೂ ರಂಜಕದ ಗಣಿಗಳು. ಅಮ್ಮ ಪ್ರೀತಿಯಿಂದ ಹಾಕಿದ ಒಂದೊಂದೂ. ಬರೆದುಕೊಡುವ ಆಹಾರದಲ್ಲಿ ರಂಜಕ ಕಡಿಮೆ, ಪ್ರೋಟೀನು ಕಡಿಮೆ ಆದರೆ ಒಳ್ಳೆಯ ದರ್ಜೆಯದು, ಉಪ್ಪು ಕಡಿಮೆ, ಮೀನೆಣ್ಣೆಯ ಕೊಬ್ಬು ಹೆಚ್ಚು. ಇದು ಸಿದ್ಧಾಂತ. ಸಿದ್ಧಾಂತ ಯಾರು ಬೇಕಾದರೂ ಹೇಳಬಹುದು, ಪರೀಕ್ಷೆ ಆಗಿದೆಯೇ? ಆಗಿದೆ. 2002ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ತಾನಾಗಿ ಮೂತ್ರಪಿಂಡ ಸೋತ 38 ನಾಯಿಗಳನ್ನು ಎರಡು ಗುಂಪು ಮಾಡಿ, ಯಾವ ನಾಯಿಗೆ ಯಾವ ಆಹಾರ ಎಂಬುದು ಸಾಕಿದವರಿಗೂ ನೋಡುವ ವೈದ್ಯರಿಗೂ ತಿಳಿಯದಂತೆ ಎರಡು ವರ್ಷ ಗಮನಿಸಿದರು. ಮೂತ್ರಪಿಂಡಕ್ಕೆಂದು ಮಾಡಿದ ಆಹಾರ ತಿಂದ ಗುಂಪಿನ ಮಧ್ಯಮ ಆಯುಸ್ಸು 594 ದಿನ, ಮಾಮೂಲಿ ಆಹಾರ ತಿಂದವುಗಳದ್ದು 188. ಮೂವತ್ತೆಂಟು ಸಣ್ಣ ಸಂಖ್ಯೆ. ಈ ಕ್ಷೇತ್ರದ ಸಂಶೋಧನೆಗೆ ಹಣ ಹಾಕುವವರಲ್ಲಿ ಆಹಾರ ಕಂಪನಿಗಳೇ ದೊಡ್ಡವು, ಅದನ್ನೂ ಮರೆಯಬೇಕಿಲ್ಲ. ಆದರೂ 594 ಮತ್ತು 188ರ ನಡುವಿನ ಅಂತರ ಶೈಲಿಯಿಂದ ಬಂದದ್ದಲ್ಲ.

ಹೀಗೆಂದು ಕಪಾಟಿನಲ್ಲಿದ್ದ ಎಲ್ಲ ಚೀಲಗಳಿಗೂ ಇಂಥ ಪರೀಕ್ಷೆಯ ಬೆನ್ನಿದೆ ಎಂದಲ್ಲ. ಮೂತ್ರಪಿಂಡದ ಊಟಕ್ಕೆ ಇರುವಷ್ಟು ಗಟ್ಟಿ ಆಧಾರ ಬೇರೆಯದಕ್ಕೂ ಇದೆಯೇ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಕೇಳಬೇಕು. ಕಂಪನಿಯನ್ನು ಇಡಿಯಾಗಿ ನಂಬುವುದೂ ಇಡಿಯಾಗಿ ಬೈಯುವುದೂ ಓದದೆ ಇರುವ ಎರಡು ದಾರಿಗಳು.

ಮನೆಯಲ್ಲೇ ಮಾಡಿದರೆ? ಅಮ್ಮನ ಪರವಾಗಿ ಇದನ್ನೂ ಹುಡುಕಿದೆ. ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದವರು 2013ರಲ್ಲಿ ಪುಸ್ತಕಗಳಲ್ಲೂ ಅಂತರಜಾಲದಲ್ಲೂ ಇರುವ 200 ನಾಯಿ ಅಡುಗೆಗಳನ್ನು ಲೆಕ್ಕ ಹಾಕಿ ನೋಡಿದ್ದಾರೆ. ನೂರಕ್ಕೆ ತೊಂಬತ್ತೈದರಲ್ಲಿ ಒಂದಲ್ಲ ಒಂದು ಅಗತ್ಯ ಪೋಷಕಾಂಶ ಕಡಿಮೆ. ನಮ್ಮ ಕಡೆಯವರು ಎಲ್ಲದಕ್ಕೂ ಹೇಳುವ ರಾಗಿ ಅಂಬಲಿಯೂ ಇಲ್ಲಿ ಆಗಿಬರುವುದಿಲ್ಲ, ರಾಗಿಯಲ್ಲಿ ರಂಜಕ ಬಿಳಿ ಅಕ್ಕಿಗಿಂತ ಹೆಚ್ಚು. ಅಮ್ಮನ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು: ಅವರ ಅಕ್ಕಿ, ನಮ್ಮ ಅಕ್ಕಿ ಬೇರೆಯಲ್ಲ. ಬೇರೆ ಇರುವುದು ಅಕ್ಕಿಯ ಜೊತೆಗೆ ಏನು ಇದೆ, ಏನು ಇಲ್ಲ ಎಂಬುದು.

ಇದರ ನಡುವೆ ಒಂದು ಕತೆ ಸಿಕ್ಕಿತು, ಅದನ್ನು ಅಮ್ಮನಿಗೆ ಹೇಳಲೇಬೇಕೆನಿಸಿತು. ಬರೆದುಕೊಡುವ ನಾಯಿ ಊಟದ ಮೂಲ 1930ರ ದಶಕದ ಕೊನೆಯ ಅಮೆರಿಕ. ಮಾರಿಸ್ ಫ್ರಾಂಕ್ ಎಂಬ ಕಣ್ಣಿಲ್ಲದ ಯುವಕನಿಗೆ ದಾರಿ ತೋರಿಸುತ್ತಿದ್ದ ನಾಯಿ ಬಡ್ಡಿ. ಅದರ ಮೂತ್ರಪಿಂಡ ಸೋಲತೊಡಗಿತು. ನ್ಯೂಜೆರ್ಸಿಯ ಪಶುವೈದ್ಯ ಮಾರ್ಕ್ ಮಾರಿಸ್ ಕಡಿಮೆ ಪ್ರೋಟೀನಿನ ಊಟವೊಂದನ್ನು ತಯಾರಿಸಿದ, ತನ್ನ ಮನೆಯ ಅಡುಗೆಮನೆಯಲ್ಲೇ. ಗಾಜಿನ ಬಾಟಲಿಗೆ ತುಂಬಿ ಅಂಚೆಯಲ್ಲಿ ಕಳಿಸಿದರೆ ದಾರಿಯಲ್ಲಿ ಒಡೆಯುತ್ತಿತ್ತು; ಆಮೇಲೆ ಡಬ್ಬಿಗೆ ತುಂಬತೊಡಗಿದರು. 1948ರಲ್ಲಿ ಕನ್ಸಾಸಿನ ಹಿಲ್ ಪ್ಯಾಕಿಂಗ್ ಕಂಪನಿ ಅದನ್ನು ತಯಾರಿಸಿ ಮಾರಲು ಒಪ್ಪಂದವಾಯಿತು. ಕಂಪನಿ ಈ ಕತೆಯನ್ನು ಹೇಳಿಕೊಳ್ಳಲು ಇಷ್ಟಪಡುತ್ತದೆ, ಯಾಕೆಂದು ಗೊತ್ತೇ ಇದೆ. ನಾನೂ ಅನುಮಾನದಿಂದಲೇ ಓದಿದೆ. ಆದರೆ ಕತೆಯ ಒಳಗಿರುವ ಸಂಗತಿ ಜಾಹೀರಾತಿಗೆ ವಿರುದ್ಧವಾಗಿಯೇ ಸಾಕ್ಷಿ ಹೇಳುತ್ತದೆ: ಈ ಬಿಳಿ ಚೀಲದ ಅಜ್ಜಿ ಒಂದು ಅಡುಗೆಮನೆ.

ಈ ಹೊತ್ತಿಗೆ ನನಗೆ ಇನ್ನೊಂದು ಕುತೂಹಲ ಹತ್ತಿತ್ತು. ನಮ್ಮ ಸಾಹಿತ್ಯದ ನಾಯಿಗಳು ಏನು ತಿಂದವು? ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಹುಲಿಯನನ್ನು ಪರಿಚಯಿಸಬೇಕಿಲ್ಲ. ಆ ನಾಯಿಯ ದೆಸೆಯಿಂದಲೇ ಗುತ್ತಿ ನಾಯಿಗುತ್ತಿ. ‘ಕರ್ವಾಲೊ’ ಓದಿದವರಿಗೆ ಕಿವಿ ಗೊತ್ತು. ಇಬ್ಬರ ನಡಿಗೆ, ಮೂಸಾಟ, ಗಡಿಬಿಡಿ, ನಂಬಿಕೆ ಎಲ್ಲ ನನಗೆ ನೆನಪಿದೆ. ತಟ್ಟೆ ನೆನಪಿಲ್ಲ. ನಾಯಿಯ ಊಟ ಎಂದರೆ ಮನುಷ್ಯರ ಊಟ ಮುಗಿದ ಮೇಲೆ ಉಳಿದದ್ದು, ಅದಕ್ಕೆ ಪ್ರತ್ಯೇಕ ವಾಕ್ಯ ಬೇಕಿಲ್ಲ ಎಂಬ ಒಪ್ಪಂದ ಬರೆದವರಿಗೂ ಓದಿದ ನನಗೂ ನಡುವೆ ಇದ್ದಿರಬೇಕು. ಹುಲಿಯ ಸಾಯುವುದು ತುಂಗೆಯ ನೆರೆಯಲ್ಲಿ ಕೊಚ್ಚಿಹೋಗಿ. ಹದಿನೆಂಟನೆಯ ವಯಸ್ಸಿನಲ್ಲಿ ಅದನ್ನು ಓದಿ ಅತ್ತಿದ್ದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವಾಗ ವಿದ್ಯಾನಗರ ದಾಟಿ ಸೇತುವೆ ಹತ್ತಿದರೆ ಅದೇ ಹೊಳೆ. ಜೂಲಿಯನ್ನು ತಪಾಸಣೆಗೆ ಒಯ್ಯುವಾಗಲೆಲ್ಲ ಆ ಸಾವು ಒಮ್ಮೆ ಹಾದುಹೋಗುತ್ತದೆ. ಆದರೆ ಈಗ ನನಗೆ ಕಾಣುವುದು ಬೇರೆ. ಹೊಳೆ ನಿರ್ಧರಿಸಿದ ಸಾವಿನಲ್ಲಿ ಮನುಷ್ಯ ನಿರ್ಧರಿಸುವುದು ಏನೂ ಉಳಿಯುವುದಿಲ್ಲ, ದುಃಖಪಡುವುದು ಮಾತ್ರ. ನಮ್ಮ ಕತೆಗಳ ನಾಯಿಗಳು ನೆರೆಗೆ, ಹುಲಿಗೆ, ಕೋವಿಗೆ ಸಿಕ್ಕಿ ಒಂದೇ ಪುಟದಲ್ಲಿ ಸಾಯುತ್ತವೆ. ಹನ್ನೊಂದನೆಯ ವರ್ಷದಲ್ಲಿ ಮೂತ್ರಪಿಂಡ ಸೋತು ಒಂದೂವರೆ ವರ್ಷ ಸಾಯುವ ನಾಯಿಯನ್ನು ನಾನು ಓದಿದ ಮಟ್ಟಿಗೆ ಕನ್ನಡ ಕಾದಂಬರಿ ಕಂಡಿಲ್ಲ. ನಿಧಾನದ ಸಾವಿಗೆ ದೃಶ್ಯವಿಲ್ಲ, ದಿನಚರಿ ಇದೆ.

ನಾಯಿಯ ವಿಷಯದಲ್ಲಿ ನಿರ್ಧಾರವನ್ನೇ ಕೇಂದ್ರಕ್ಕೆ ತಂದ ಕತೆ ಒಂದಿದೆ: ಮಹಾಪ್ರಸ್ಥಾನದ ಕೊನೆಯಲ್ಲಿ ಧರ್ಮರಾಯ, ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲ ಎಂದದ್ದು. ಹತ್ತೇ ಪರ್ವ ಬರೆದ ಕುಮಾರವ್ಯಾಸನಲ್ಲಿ ಇದು ಬರುವುದಿಲ್ಲ. ಗಮಕದಲ್ಲಿ ಅವನ ಭಾರತ ಕೇಳಿ ಬೆಳೆದವರಿಗೆ ಈ ನಾಯಿ ಬೇರೆ ದಾರಿಯಿಂದ ಬಂದದ್ದು. ಕತೆಯ ಬಗ್ಗೆ ನನ್ನ ತಕರಾರು ಹಳೆಯದು. ಕೊನೆಗೆ ಆ ನಾಯಿ ಧರ್ಮದೇವತೆ ಎಂದಾಗುತ್ತದೆ. ಹಾಗಾದ ಕೂಡಲೇ ಧರ್ಮರಾಯ ತೆತ್ತ ಬೆಲೆ ಅವನಿಗೆ ವಾಪಸು ಸಿಕ್ಕಿತು. ನಾಯಿ ನಾಯಿಯಾಗಿಯೇ ಉಳಿದು, ಸ್ವರ್ಗದ ಬಾಗಿಲು ಮುಚ್ಚಿ, ಆ ಚಳಿಯಲ್ಲಿ ಇಬ್ಬರೂ ಹೊರಗೇ ಕೂರಬೇಕಾಗಿದ್ದರೆ? ಜೂಲಿ ದೇವತೆಯಾಗುವ ಲಕ್ಷಣ ಯಾವುದೂ ಇಲ್ಲ. ಹತ್ತು ದಿನಕ್ಕೊಮ್ಮೆ ಚೀಲ ಖಾಲಿಯಾಗುತ್ತದೆ, ಅಷ್ಟೆ.

ಇನ್ನು ಗಾದೆ. ನಾಯಿ ಹೊಟ್ಟೆಗೆ ತುಪ್ಪ ಹಿಡಿಸುವುದಿಲ್ಲ ಎನ್ನುತ್ತೇವೆ. ಈ ಗಾದೆಯನ್ನು ನಾಯಿಯ ಬಗ್ಗೆ ಯಾರೂ ಹೇಳಿದ್ದನ್ನು ಕೇಳಿಲ್ಲ. ಹೇಳುವುದೆಲ್ಲ ಮನುಷ್ಯರ ಬಗ್ಗೆ, ಅದೂ ಕೆಳಗಿನವರೆಂದು ತಾವು ತಿಳಿದವರ ಬಗ್ಗೆ. ನಾಯಿಯ ಹೊಟ್ಟೆಯ ಕುರಿತ ಒಂದು ಸರಿಯಾದ ಗಮನಿಕೆಯನ್ನು ಅವಮಾನಕ್ಕೆ ಬಳಸಿ ಬಳಸಿ, ಒಳಗಿದ್ದ ವೈದ್ಯ ಕಣ್ಮರೆಯಾಗಿದ್ದಾನೆ. ಪಶುವೈದ್ಯರು ‘ಕೊಬ್ಬಿನದು ಹಾಕಬೇಡಿ’ ಎಂದಾಗ ಅಮ್ಮನಿಗೆ ನೋವಾದದ್ದು ಬಹುಶಃ ಇದೇ ಕಾರಣಕ್ಕೆ: ಅವರಿಗೆ ಸಲಹೆಗಿಂತ ಮೊದಲು ಗಾದೆ ಕೇಳಿಸಿತು.

ಈ ಎಲ್ಲ ಓದಿನ ಫಲವನ್ನು ನಾನು ಅಮ್ಮನ ಮುಂದೆ ಇಟ್ಟ ಬೆಳಿಗ್ಗೆ ಅದು ಎಲ್ಲೂ ಮುಟ್ಟಲಿಲ್ಲ. 594, 188, ರಂಜಕ, ಪ್ರೋಟೀನು. ‘ಪೇಪರಿನಲ್ಲಿ ಏನು ಬೇಕಾದ್ರೂ ಬರೀತಾರೆ’ ಎಂದರು. ಕಾಗದದ ಊರಿನ ಹೆಂಗಸು. ಪೇಪರಿನ ಬಗ್ಗೆ ಅವರಿಗೆ ಭ್ರಮೆ ಇಲ್ಲ.

ಕೆಲಸ ಮಾಡಿದ್ದು ಬೇರೆಯವರ ಒಂದು ಮಾತು. ನಮ್ಮ ಬೀದಿಯಲ್ಲಿ ಎಲ್ಲರೂ ಮಾವ ಎಂದು ಕರೆಯುವ ಹಿರಿಯರೊಬ್ಬರು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಶಿವಮೊಗ್ಗಕ್ಕೆ ಹೋಗಿಬರುತ್ತಾರೆ. ಅವರೆದುರು ನಾಯಿಯ ಮೂತ್ರಪಿಂಡಕ್ಕೆ ತಿಂಗಳಿಗೆ ಆರು ಸಾವಿರದ ಮಾತೆತ್ತಲು ನನಗೆ ನಾಚಿಕೆ. ಆ ನಾಚಿಕೆ ಈಗಲೂ ಹೋಗಿಲ್ಲ, ಹೋಗಬೇಕಾದ್ದೂ ಅಲ್ಲ ಎನಿಸುತ್ತದೆ. ಅಂದು ಅವರು ಜಗಲಿಯ ಮೇಲೆ ಕೂತು ಜೂಲಿಯ ತಲೆ ಸವರುತ್ತ ಕೇಳಿದರು: ‘ಇದಕ್ಕೂ ಕಿಡ್ನಿಯಾ? ಹಾಲು ಬಿಡಿಸಿದ್ರಾ? ಉಪ್ಪು?’ ಹೌದು ಮಾವ ಎಂದೆ. ‘ಹಾಗಾದ್ರೆ ನಂದೂ ಇದರದ್ದೂ ಒಂದೇ ಪಥ್ಯ’ ಎಂದು ನಕ್ಕರು.

ಒಳಗೆ ಅಮ್ಮ ಮಜ್ಜಿಗೆ ಕಡೆಯುವುದು ನಿಂತಿತು. ಪಥ್ಯ! ಮೂರು ದಿನ ನಾನು ಆಹಾರ, ಡಯಟ್, ಫುಡ್ಡು, ಕಂಪನಿ ಎಂದೆಲ್ಲ ಹೇಳಿದ್ದೆ, ಈ ಪದ ಬಾಯಿಗೆ ಬಂದಿರಲಿಲ್ಲ. ಅಮ್ಮ ಪಥ್ಯದ ಮನುಷ್ಯೆ. ಎರಡು ಬಾಣಂತನದ ಪಥ್ಯ ಮಾಡಿದವರು, ಅಪ್ಪನ ಸಕ್ಕರೆ ಕಾಯಿಲೆಯ ಪಥ್ಯವನ್ನು ಹದಿನೈದು ವರ್ಷ ಕಾದವರು. ತಮ್ಮ ಪಥ್ಯವನ್ನು ಹೋಳಿಗೆ ಕಂಡಾಗ ಮುರಿಯುವವರೂ ಹೌದು. ಪಥ್ಯದಲ್ಲಿ ಅನ್ನ ಕಿತ್ತುಕೊಳ್ಳುವುದಿಲ್ಲ, ಅನ್ನವೇ ಮದ್ದಿನ ಒಂದು ಭಾಗವಾಗುತ್ತದೆ; ಪಥ್ಯ ಹಿಡಿಯುವವರು ಒಬ್ಬರು, ಮಾಡಿಹಾಕುವವರು ಇನ್ನೊಬ್ಬರು. ಚೀಲದ ಭಾಷೆಯಲ್ಲಿ ಅಮ್ಮನಿಗೆ ಜಾಗವಿರಲಿಲ್ಲ. ಈ ಪದದಲ್ಲಿ ಇತ್ತು. ‘ಪಥ್ಯ ಅಂತ ಮೊದಲೇ ಹೇಳೂಕೇನಾಗಿತ್ತು ನಿಂಗೆ’ ಎಂದು ನನ್ನನ್ನೇ ಗದರಿದರು. ಕನ್ನಡ ಮೇಡಂ ನಾನು.

ಪದ ಸಿಕ್ಕಿತೆಂದು ನಾಯಿ ತಿನ್ನಬೇಕಲ್ಲ. ಮೊದಲ ಎರಡು ದಿನ ಜೂಲಿ ಕಾಳುಗಳನ್ನು ಮೂಸಿ ನೋಡಿದಳು, ಅರ್ಧ ತಿಂದಳು. ಮೂರನೆಯ ದಿನ ತಟ್ಟೆಯನ್ನು ಮೂತಿಯಿಂದ ತಳ್ಳಿದಳು. ನಾಲ್ಕನೆಯ ದಿನ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕೂತು ಅಮ್ಮನ ಕೈಯನ್ನೇ ನೋಡತೊಡಗಿದಳು. ಪಥ್ಯದ ಮನುಷ್ಯರಿಗೆ ಕಾರಣ ಹೇಳಬಹುದು, ಬೈಯಬಹುದು. ಇವಳಿಗೆ ಏನೆಂದು ಹೇಳುವುದು? ಒಳ್ಳೆಯದಕ್ಕೆಂದು ಒಪ್ಪಿಗೆ ಇಲ್ಲದೆ ಹಸಿದಿಡುವುದು ಎಷ್ಟು ದಿನ ಸರಿ? ಮಿನೆಸೋಟದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ನಾನು ಹೆದರುತ್ತಲೇ ವೈದ್ಯರಿಗೆ ಫೋನು ಮಾಡಿದೆ, ಬೈಯುತ್ತಾರೆ ಎಂದುಕೊಂಡು. ಅವರು ಬೈಯಲಿಲ್ಲ. ‘ತಿನ್ನದೆ ಇರೋ ಒಳ್ಳೆ ಊಟಕ್ಕಿಂತ ತಿನ್ನೋ ಸುಮಾರಾದ ಊಟ ವಾಸಿ ಮೇಡಂ’ ಎಂದರು. ವಾಕರಿಕೆ ಇರುವಾಗ ಹೊಸ ಊಟ ಶುರುಮಾಡಿದರೆ ನಾಯಿ ಅದನ್ನೇ ವಾಕ್ಯೆಂದು ನೆನಪಿಟ್ಟುಕೊಳ್ಳುತ್ತದಂತೆ. ಮೊದಲು ವಾಕರಿಕೆಗೆ ಮಾತ್ರೆ, ಆಮೇಲೆ ನಿಧಾನವಾಗಿ ಬದಲಾವಣೆ. ಅದನ್ನು ಮೊದಲ ದಿನವೇ ತಾವು ಬಿಡಿಸಿ ಹೇಳಬೇಕಿತ್ತು ಎಂದೂ ಸೇರಿಸಿದರು. ಮುಕ್ಕಾಲು ಪಾಲು ಚೀಲದ್ದು, ಬಿಸಿನೀರಿನಲ್ಲಿ ನೆನೆಸಿ. ಉಳಿದದ್ದಕ್ಕೆ ಒಂದು ಹಿಡಿ ಬಿಳಿ ಅನ್ನ, ಬೇಯಿಸಿದ ಮೊಟ್ಟೆಯ ಬಿಳಿ ಒಂದು ಚೂರು, ಹಳದಿ ಬೇಡ. ರಂಜಕವನ್ನು ಹೊಟ್ಟೆಯಲ್ಲೇ ಹಿಡಿದಿಡುವ ಒಂದು ಪುಡಿ ಊಟದ ಜೊತೆಗೆ. ಆರು ವಾರ ಬಿಟ್ಟು ರಕ್ತ ನೋಡೋಣ.

ಎರಡು ಗೆರೆ ಎಳೆದ ‘ಇದೊಂದೇ’ ಎಂಬ ಪಠ್ಯಕ್ಕೆ ಹೀಗೊಂದು ತಿದ್ದುಪಡಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಒಪ್ಪುವುದು ಅಥವಾ ತಿರಸ್ಕರಿಸುವುದು, ಎರಡೇ ದಾರಿ ಎಂದುಕೊಂಡಿದ್ದೆ. ಶಿಲಾಶಾಸನ ಎಂದು ಓದಿದ್ದು ಮೊದಲ ಕರಡು ಆಗಿತ್ತು, ಫೋನು ಮಾಡಿದ್ದರಿಂದ ಎರಡನೆಯದು ಸಿಕ್ಕಿತು. ಅನುಮಾನಪಟ್ಟುಕೊಂಡು ಮೂರು ರಾತ್ರಿ ಅಂತರಜಾಲದಲ್ಲಿ ಕೂತವಳು ಮೊದಲ ದಿನವೇ ‘ತಿನ್ನದಿದ್ದರೆ ಏನು ಮಾಡಲಿ ಸಾರ್?’ ಎಂದು ಕೇಳಬಹುದಿತ್ತು. ಓದು ಬಲ್ಲವರಿಗೆ ಕೇಳುವುದು ಅವಮಾನ ಎನಿಸುತ್ತದೆ.

ಆ ಒಂದು ಹಿಡಿ ಅನ್ನ ಅಮ್ಮನದು. ಹಿಡಿ ಎಂದರೆ ಎಷ್ಟು ಎಂಬ ಬಗ್ಗೆ ನಮ್ಮಿಬ್ಬರ ನಡುವೆ ಜಗಳ ನಡೆದೇ ಇದೆ. ಅಮ್ಮನ ಹಿಡಿ ದೊಡ್ಡದು. ಮೊಟ್ಟೆಯ ಹಳದಿ ಎಲ್ಲಿ ಹೋಗುತ್ತದೆ ಎಂದು ನಾನು ಕೇಳುವುದಿಲ್ಲ. ಅವರೇ ತಿನ್ನುತ್ತಿದ್ದರೆ ಅವರ ಪಥ್ಯ ಕೆಟ್ಟಿತು, ಜೂಲಿಗೆ ಹೋಗುತ್ತಿದ್ದರೆ ಅವಳದ್ದು. ಆರು ವಾರಕ್ಕೆ ಕ್ರಿಯಾಟಿನಿನ್ 2.9. ‘ಇಳಿದಿದೆ ಅಂತ ಹಿಗ್ಗಬೇಡಿ, ಏರಿಲ್ಲ ಅನ್ನೋದು ಮುಖ್ಯ’ ಎಂದರು ವೈದ್ಯರು. ವಾಂತಿ ನಿಂತಿದೆ. ಸಂಜೆ ಗೇಟಿನವರೆಗೆ ಓಡಿ ಹಾಲಿನವನಿಗೆ ಬೊಗಳುವುದು ಮತ್ತೆ ಶುರುವಾಗಿದೆ. ಚೀಲದ ದುಡ್ಡಿಗೆ ನಾನು ಒಂದು ಮನೆಪಾಠ ಹಿಡಿದಿದ್ದೇನೆ.

ನಿನ್ನೆ ಮಾವ ಡಯಾಲಿಸಿಸ್ ಮುಗಿಸಿ ಬಂದು ಜಗಲಿಯಲ್ಲಿ ಕೂತಿದ್ದರು. ಖಾಲಿಯಾದ ಚೀಲವನ್ನು ಅಮ್ಮ ತೊಳೆದು ಹಗ್ಗಕ್ಕೆ ಸಿಕ್ಕಿಸಿದ್ದರು, ಮಳೆಗಾಲಕ್ಕೆ ಬೆಂಕಿಪೊಟ್ಟಣ ಇಡಲು ಚೆನ್ನಾಗಿರುತ್ತದೆಂದು. ಮಾವ ಅದನ್ನೇ ನೋಡುತ್ತ ‘ಅದರ ಹಿಂದೆ ಏನೇನು ಎಷ್ಟೆಷ್ಟು ಅಂತ ಬರ್ದಿದಾರಲ್ಲ, ಸ್ವಲ್ಪ ಓದೇ’ ಎಂದರು. ಯಾಕೆ ಮಾವ ಎಂದೆ. ‘ನನಗೆ ಇದು ತಿನ್ನಬೇಡಿ ಅದು ತಿನ್ನಬೇಡಿ ಅಂತ ಬಾಯಲ್ಲಿ ಹೇಳ್ತಾರೆ. ಯಾರೂ ಹೀಗೆ ಬರ್ದು ಕೊಟ್ಟಿಲ್ಲ.’ ಚೀಲವನ್ನು ಹಗ್ಗದಿಂದ ಬಿಡಿಸಿ, ಒದ್ದೆ ಒರೆಸಿ, ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದತೊಡಗಿದೆ. ಅಕ್ಕಿ ಎಂದಾಗ ಅವರು ತಲೆಯಾಡಿಸಿದರು.